ಕುಗ್ಗು ಗಿರಣಿಯೂ ಹೊಳೆಯ ಉಡಿಯೂ

ಗಿರಿಮಲ್ಲಪ್ಪ ಜೋಳದ ಚೀಲವನ್ನು ಬಿಚ್ಚಲೇ ಇಲ್ಲ. ಹೊಲಿಗೆ ಹಾಕಿದ್ದ ಹಾಗೆಯೇ ಗಿರಣಿಯ ಬಾಯಿಗೆ ಇಳಿಸಿಬಿಟ್ಟ.

“ಗೋಣಿಚೀಲಾನೂ ಬೀಸ್ತೀರೇನ್ರೀ?” ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಾಳವ್ವ ಕೇಳಿದಳು.

“ಬೀಸೂದಲ್ಲ ಇದು. ಕುಗ್ಗಸೂದು. ಸುಮ್ಮನ ನೋಡ್ಕೋತ ನಿಂದರು.”

ಹೊಳೆನಂದಿಹಾಳದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನೆಂದರೆ ಅವನೊಬ್ಬನೇ. ಕೆಟ್ಟ ಯಂತ್ರ ಅವನ ಕೈಗೆ ಬಂದರೆ ಸರಿಹೋಗುತ್ತಿತ್ತು; ನೆಟ್ಟಗಿದ್ದ ಯಂತ್ರ ಮಾತ್ರ ಬೇರೇನೋ ಆಗಿಬಿಡುತ್ತಿತ್ತು. ಈ ಸಲ ಹಾಗೆ ಆದದ್ದು ಬಾಳವ್ವ ತವರಿನಿಂದ ತಂದ ಹಿಟ್ಟಿನ ಗಿರಣಿ. ಅದಕ್ಕೆ ಪಂಪಿನ ಮೋಟಾರು ಜೋಡಿಸಿ, ಕುಕ್ಕರಿನ ಎರಡು ಸೀಟಿ ಸಿಕ್ಕಿಸಿ, ಮೈತುಂಬ ತಾಮ್ರದ ತಂತಿ ಸುತ್ತಿ ಅವನು ‘ಕುಗ್ಗು ಗಿರಣಿ’ ಎಂದು ಹೆಸರಿಟ್ಟಿದ್ದ. ಮೋಟಾರು ಗುರುಗುಟ್ಟಿತು, ಸೀಟಿಗಳು ಕೂಗಿದವು, ಮನೆಯ ಬಲ್ಬು ಮಂಕಾಯಿತು. ಕೆಳಗಿಟ್ಟಿದ್ದ ತಾಟಿನಲ್ಲಿ ಟಣ್ ಎಂದು ಒಂದು ಗುಳಿಗೆ ಬಿತ್ತು. ಕಡಲೆಕಾಳಿನ ಗಾತ್ರ, ವಿಭೂತಿಯ ಬಣ್ಣ.

“ಚೀಲ ಎಲ್ಲಿ ಹೋತು?”

“ಇದ ಚೀಲ. ಕಾಳಿಗೂ ಕಾಳಿಗೂ ನಡುವ ಖಾಲಿ ಜಾಗ ಇರತೈತಿ, ಕಾಳಿನ ಒಳಗೂ ಇರತೈತಿ. ಆ ಖಾಲಿ ಎಲ್ಲಾ ಹಿಂಡಿ ತಗದೀನಿ.”

“ಖಾಲಿ ತಗದ್ರ ತೂಕ ಯಾಕ ಹೋತು?”

ಗಿರಿಮಲ್ಲಪ್ಪ ತಲೆ ಕೆರೆದುಕೊಂಡ. “ಅದು ನನಗೂ ತಿಳಿದಿಲ್ಲ. ಆದ್ರ ಹೋಗೇತಿ.”

ನೀರಿನಲ್ಲಿ ಬೆರಳದ್ದಿ ಗುಳಿಗೆಯ ಮೇಲೆ ಒಂದು ಹನಿ ಬಿಟ್ಟ. ಭುಸ್ ಎಂದು ಚೀಲ ಎದ್ದು ನಿಂತಿತು. ನಿಂತದ್ದು ಅವನ ಎಡಗಾಲಿನ ಮೇಲೆ ಎಂಬುದನ್ನು ಬಿಟ್ಟರೆ ಎಲ್ಲವೂ ಅವನು ಎಣಿಸಿದಂತೆಯೇ ಆಗಿತ್ತು. ಹೊಲಿಗೆ ಕೂಡ ಬಿಚ್ಚಿರಲಿಲ್ಲ.

ಬಾಳವ್ವ ಬೇಡವೆನ್ನಲಿಲ್ಲ. ಹಿಂದಿನ ವರ್ಷ ಹೊಳೆ ಉಕ್ಕಿ ಊರೊಳಗೆ ಬಂದಾಗ ಅವಳು ಉಟ್ಟ ಸೀರೆಯಲ್ಲೇ ದಿನ್ನೆಯ ಮೇಲಿನ ಶಾಲೆಗೆ ಓಡಿದ್ದಳು. ನೀರು ಇಳಿದ ಮೇಲೆ ಬಂದು ನೋಡಿದರೆ ವರ್ಷದ ಜೋಳವೆಲ್ಲ ಮೊಳಕೆಯೊಡೆದು, ಚೀಲಗಳಿಗೆ ಹಸಿರು ಗಡ್ಡ ಬಂದಿತ್ತು. ಆಮೇಲೆ ಸುಗ್ಗಿಯ ತನಕ ನೆರೆಮನೆಯ ಹಿಟ್ಟಿನಲ್ಲೇ ರೊಟ್ಟಿ ಬಡಿದಿದ್ದಳು. ಯಾರೂ ಒಂದು ಮಾತು ಆಡಲಿಲ್ಲ. ಆದರೂ ಬಡಿಯುವಾಗ ಅವಳ ಕಣ್ಣು ತಾನೇ ತಗ್ಗುತ್ತಿತ್ತು. ಈ ವರ್ಷ ಹೊಳೆ ಬಂದರೂ ಸರಿಯೆ, ಮನೆಯ ಕಾಳು ಮನೆಯಲ್ಲಿ ಉಳಿಯಬೇಕು. ದೀಪ ಹಚ್ಚುವಾಗ ಅವಳು ಬೇಡುತ್ತಿದ್ದುದು ಇಷ್ಟೇ.

“ಆದ್ರ ಒಂದು ಮಾತು,” ಎಂದಳು. “ಹೊಳಿ ಬಂದಾಗ ಬೇಕಾಗೂ ಸಾಮಾನಿಗೆ ನೀರು ತಾಗಬಾರದು ಅಂದ್ರ ಹೆಂಗ್ರೀ?”

“ಅದಕ್ಕ ಡಬ್ಬಿ ಐತಲ್ಲ. ಬಿಗಿ ಮುಚ್ಚಳದ್ದು.”

“ಡಬ್ಬಿ ಬಿಚ್ಚಿಕೊಂಡ್ರ?”

“ಬಿಚ್ಚೂದಿಲ್ಲ.”

ಗಂಡ ಇಷ್ಟು ಚಿಕ್ಕದಾಗಿ ಉತ್ತರ ಕೊಟ್ಟಾಗ ಹೆಂಡತಿ ಹುಷಾರಾಗಬೇಕು. ಬಾಳವ್ವ ಆಗಲಿಲ್ಲ.

ಗಿರಿಮಲ್ಲಪ್ಪನ ಕೈ ಆಮೇಲೆ ನಿಲ್ಲಲಿಲ್ಲ. ಜೋಳ, ಅಕ್ಕಿ, ಬೇಳೆ, ಬೆಲ್ಲ ಮುಗಿದವು. ಉಪ್ಪು, ಸಾಬೂನು, ಕಡ್ಡಿಪೆಟ್ಟಿಗೆ ಹೋದವು. ಹೊದೆಯುವ ಕೌದಿ, ಮಲಗುವ ಹೊರಸು, ಒಲೆಯ ಕುಳ್ಳು-ಬೆರಣಿ ಹೋದವು. ಕೊನೆಗೆ ಹಿತ್ತಿಲಲ್ಲಿದ್ದ ಜೋಳದ ಕಣಿಕೆಯ ಬಣವೆಯನ್ನೂ ಕಟ್ಟುಕಟ್ಟಾಗಿ ಗಿರಣಿಗೆ ಉಣಿಸಿದ. ಇಡೀ ಮನೆ ಒಂದು ಸ್ಟೀಲ್ ಡಬ್ಬಿಯಲ್ಲಿ ಕೂತಿತು. ಬಾಳವ್ವ ಅದಕ್ಕೆ ಕುಂಕುಮ ಹಚ್ಚಿ ದೇವರ ಪಕ್ಕದಲ್ಲಿಟ್ಟಳು.

ಎಲ್ಲ ಗುಳಿಗೆಗಳ ಬಣ್ಣವೂ ಒಂದೇ. “ಮೂಸಿ ನೋಡಿದ್ರ ಗೊತ್ತಾಗತೈತಿ,” ಎಂದಿದ್ದ ಗಿರಿಮಲ್ಲಪ್ಪ. ಅವಳು ಮೂಸಿ ನೋಡಿಯೇ, ಉಪ್ಪೆಂದು ತಿಳಿದು ಒಂದನ್ನು ಕುದಿಯುವ ಬೇಳೆಗೆ ಹಾಕಿದಳು. ಗಡಿಗೆಯೊಳಗಿಂದ ಕಸಬರಿಗೆಯೊಂದು ಮೈತುಂಬ ಒಗ್ಗರಣೆ ಹೊತ್ತು ಎದ್ದು ನಿಂತಿತು.

ಅದೇ ಹೊತ್ತಿಗೆ ಪಕ್ಕದ ಮನೆಯ ಹುಸೇನಬಿ ಸಕ್ಕರೆಗೆಂದು ಬಟ್ಟಲು ಹಿಡಿದು ಬಂದಿದ್ದಳು. ಗಡಿಗೆಯನ್ನೊಮ್ಮೆ ನೋಡಿದಳು, ಬಾಳವ್ವನನ್ನೊಮ್ಮೆ ನೋಡಿದಳು.

“ಇದಕ್ಕ ಬೆಳ್ಳುಳ್ಳಿ ಹಾಕ್ತೀಯೇನವ್ವಾ?”

“ನಗಬ್ಯಾಡ ಹುಸೇನಕ್ಕ. ಅವರನ್ನ ಕೇಳು.”

“ಅಣ್ಣಾ, ನನಗ ಸಕ್ರಿ ಬ್ಯಾಡೋ ಯಪ್ಪಾ. ನಿನ್ನ ಸಕ್ರಿ ನನ್ನ ಚಾದಾಗ ಹೊರಸಾಗಿ ಎದ್ರ ನಾ ಎಲ್ಲಿ ಕುಂದರ್ಲಿ?”

“ಹೊರಸಿನ ಮ್ಯಾಲ,” ಎಂದ ಗಿರಿಮಲ್ಲಪ್ಪ, ತಂತಿಯಿಂದ ಕಣ್ಣೆತ್ತದೆ.

ಸೋಮವಾರ ಮಠದಲ್ಲಿ ಇನ್ನೊಂದಾಯಿತು. ಊರವರಿಗೆ ತೋರಿಸಬೇಕೆಂದು ಅವನು ಒಂದು ಗುಳಿಗೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಪುರಾಣಕ್ಕೆ ಹೋಗಿದ್ದ. ಜನ ಕಿಕ್ಕಿರಿದಿದ್ದರು, ಸೆಕೆಗೆ ಎದೆಯ ಮೇಲೆ ಬೆವರು ಹರಿಯಿತು. ಸ್ವಾಮಿಗಳು ಆಸೆ ಕಡಿಮೆ ಮಾಡಿಕೊಳ್ಳಿರಪ್ಪಾ ಎನ್ನುವ ಹೊತ್ತಿಗೆ ಸರಿಯಾಗಿ ಅವನ ಅಂಗಿಯ ಗುಂಡಿಗಳು ಹಾರಿ, ಒಂದು ಬಂಡಿ ಕುಳ್ಳು ಹೊರಬಂತು. ಮುಂದಿನ ಸಾಲಿನವರೆಲ್ಲ ಹಿಂದಿನ ಸಾಲಿನವರ ತೊಡೆಯ ಮೇಲೆ ಕೂತರು. ಸ್ವಾಮಿಗಳು ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದು, “ದಾಸೋಹದ ಒಲಿಗೆ ಆತು ಬಿಡ್ರಿ,” ಎಂದು ಪುರಾಣ ಮುಂದುವರಿಸಿದರು.

ಶ್ರಾವಣದ ನಡುವೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ದಿನ್ನೆಯ ಶಾಲೆಗೆ ಹೊರಡಿ ಎಂದು ಪಂಚಾಯಿತಿಯ ಆಟೋ ಓಣಿ ಓಣಿ ಸುತ್ತಿ ಕೂಗಿತು.

ಹೊಳೆನಂದಿಹಾಳದ ಸುತ್ತ ಹಳೆಯ ಕಾಲದ ಕಲ್ಲಿನ ಗೋಡೆಯಿದೆ. ಹೊಳೆಯ ಕಡೆಗೆ ಇರುವುದು ಒಂದೇ ಊರಬಾಗಿಲು, ಅಗಸಿ. ಅದರ ಕದ ಯಾವ ಕಾಲದಲ್ಲೋ ಹೋಗಿ ಬರಿಯ ಕಮಾನು ಉಳಿದಿದೆ. ಹೊಳೆ ಊರೊಳಗೆ ಬರುವುದು ಅಲ್ಲಿಂದಲೇ. ನೀರು ಅಗಸಿಯ ಮೆಟ್ಟಿಲು ಮುಟ್ಟಿದಾಗ ಹೆಂಗಸರು ಹೊಳೆಯನ್ನೇ ಗಂಗವ್ವನೆಂದು ಕರೆದು ಉಡಿ ತುಂಬುವುದು ಹಿಂದಿನಿಂದ ಬಂದ ನಡತೆ. ಅಕ್ಕಿ, ಬೆಲ್ಲ, ಕೊಬ್ಬರಿ, ಒಂದು ಕುಪ್ಪಸದ ಬಟ್ಟೆ. ತವರಿಗೆ ಬಂದ ಮಗಳಿಗೆ ತುಂಬುವ ಹಾಗೆ ತುಂಬಿ, ಇನ್ನು ನಿನ್ನ ಮನೆಗೆ ಹೋಗಿ ಬಾರವ್ವಾ ಎಂದು ಕೈಮುಗಿಯುವುದು.

ಎಲ್ಲರೂ ತುಂಬಿ ದಿನ್ನೆಯ ದಾರಿ ಹಿಡಿದರು. ಬಾಳವ್ವನ ಮನೆಯಲ್ಲಿ ಹಿಡಿ ಅಕ್ಕಿ ಹೊರಗಿರಲಿಲ್ಲ, ಇದ್ದದ್ದೆಲ್ಲ ಡಬ್ಬಿಯಲ್ಲಿ.

“ನಡಿ, ನಡಿ. ಉಡಿ ಮುಂದಿನ ಸಲ ತುಂಬೀಯಂತ,” ಎಂದು ಗಿರಿಮಲ್ಲಪ್ಪ ಅವಸರಿಸಿದ.

“ಬರಿಗೈಲೆ ಆಕಿ ಮುಂದ ಹೆಂಗ ನಿಂದರ್ಲಿ? ಒಂದ ಒಂದು ಅಕ್ಕಿ ಗುಳಿಗಿ ತಗೀತೀನಿ.”

“ಅಲ್ಲಿ ಡಬ್ಬಿ ಬಿಚ್ಚಬ್ಯಾಡ ಮಾರಾಯ್ತಿ.”

“ಬಿಗಿ ಮುಚ್ಚಳ ಅಂದಾವರು ನೀವ.”

ಮುಚ್ಚಳ ನಿಜವಾಗಿಯೂ ಬಿಗಿಯಾಗಿತ್ತು. ಅಗಸಿಯ ನಡುವೆ ನಿಂತು ಬಾಳವ್ವ ಎಳೆದಳು, ಜೊತೆಗಿದ್ದ ಹುಸೇನಬಿ ಎಳೆದಳು, ಕಡೆಗೆ ಇಬ್ಬರೂ ಸೇರಿ ಎಳೆದರು. ಮುಚ್ಚಳ ಹುಸೇನಬಿಯ ಕೈಗೆ ಬಂತು. ಡಬ್ಬಿ ಬಾಳವ್ವನ ಕೈಯಿಂದ ಜಾರಿ ಮೆಟ್ಟಿಲ ನೀರಿಗೆ ಬೋರಲಾಗಿ ಬಿತ್ತು.

ಮತ್ತೊಂದು ವರ್ಷ ನೆರೆಮನೆಯ ಹಿಟ್ಟು. ಬಾಳವ್ವನ ಕಣ್ಣ ಮುಂದೆ ಬಂದದ್ದು ಅದೊಂದೇ. ಹಿಂದೆಯೇ ಬಂದಿದ್ದ ಗಿರಿಮಲ್ಲಪ್ಪ ಇಬ್ಬರನ್ನೂ ತೋಳು ಹಿಡಿದು ಒಳಕ್ಕೆ ಎಳೆದ.

ಮೊದಲು ಭುಸ್ ಎಂದದ್ದು ಜೋಳ. ಚೀಲದ ಮೇಲೆ ಚೀಲ ಎದ್ದಿತು. ಚೀಲಗಳ ಸಂದಿಗೆ ಕೌದಿ ನುಗ್ಗಿತು, ಕೌದಿಯ ಮೇಲೆ ಹೊರಸು ಕಾಲು ಚಾಚಿತು, ಅದರ ಮೇಲೆ ಬಣವೆ ಉಬ್ಬಿ, ಉಸಿರು ಬಿಟ್ಟು, ಇನ್ನೂ ಉಬ್ಬಿ, ಕಮಾನಿನ ತನಕ ಗಿಡಿದು ತುಂಬಿಕೊಂಡಿತು. ತುದಿಯಲ್ಲಿ ಉಳಿದಿದ್ದ ಅಂಗೈಯಗಲದ ಕಿಂಡಿಯನ್ನು ಒಂದು ಹೊಸ ಕಸಬರಿಗೆ ಬಂದು ಮುಚ್ಚಿತು. ಹೊಳೆ ಹೊರಗಿನಿಂದ ದೂಡಿತು. ಅಗಸಿ ನರಳಿತು, ಜಗ್ಗಲಿಲ್ಲ. ಸಾಬೂನು ಕರಗಿರಬೇಕು, ದಿನ್ನೆಯ ಮೇಲೆ ಕುಳಿತವರಿಗೆ ಗೋಡೆಯಾಚೆ ಬೆಳ್ಳಗೆ ನೊರೆ ಎದ್ದದ್ದು ಕಂಡಿತು. ಗಂಗವ್ವ ಮಡಿ ಸೀರೆ ಉಟ್ಟ ಹಾಗಿದ್ದಳು. ಊರೊಳಗೆ ಒಂದು ಕೊಡ ನೀರೂ ಬರಲಿಲ್ಲ.

ಹೊಳೆ ಇಳಿದ ಮೇಲೆ ಊರವರೆಲ್ಲ ಸೇರಿ ಅಗಸಿಯನ್ನು ಬಿಚ್ಚಿದರು. ಆಚೆಗಿದ್ದುದನ್ನೆಲ್ಲ ಹೊಳೆ ಒಯ್ದಿತ್ತು: ಅಕ್ಕಿ, ಬೆಲ್ಲ, ಸಾಬೂನು, ಹೊರಸು ಸಹ. ಈಚೆಗಿದ್ದ ಜೋಳದ ಚೀಲಗಳು ಹೊಲಿಗೆ ಬಿಚ್ಚದೆ ಒಣಗಿ ಕೂತಿದ್ದವು. ಬಾಳವ್ವ ಒಂದನ್ನು ಬಿಚ್ಚಿ ಮೊಣಕೈ ತನಕ ಕೈ ಇಳಿಸಿದಳು. ಕಾಳು ಬೆಚ್ಚಗಿತ್ತು. ಹೋದ ವರ್ಷದಿಂದ ಹಿಡಿದಿಟ್ಟಿದ್ದ ಉಸಿರನ್ನು ಅವಳು ಅಲ್ಲಿಯೇ ಬಿಟ್ಟಳು.

ಮನೆಗೆ ಬಂದವಳೇ ಮೊದಲು ತಂತಿ ಬಿಚ್ಚಿಸಿ, ಗಿರಣಿಯನ್ನು ಮತ್ತೆ ಗಿರಣಿ ಮಾಡಿಸಿದಳು. ಒಂದು ಸೀಟಿ ಮಾತ್ರ ಎಷ್ಟು ಎಳೆದರೂ ಬರಲಿಲ್ಲ. ಹಿಟ್ಟು ಬೀಳುವಾಗಲೆಲ್ಲ ಅದು ಕೂಗುತ್ತಿತ್ತು. ಹಂಚಿನ ಮೇಲೆ ರೊಟ್ಟಿ ಉಬ್ಬಿದ್ದನ್ನು ಕಂಡು ಗಿರಿಮಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಮೊದಲ ರೊಟ್ಟಿಯನ್ನು ಬಾಳವ್ವ ಹುಸೇನಬಿಯ ತಾಟಿಗೆ ಹಾಕಿದಳು. ಹೋದ ವರ್ಷದ ಹಿಟ್ಟು ಅವಳ ಮನೆಯದೇ ಆಗಿತ್ತು.

“ಗೋಣಿ ಉಬ್ಬಿ ಸಂದಿ ಮುಚ್ಚಿದ್ದಕ್ಕ ನೀರು ನಿಂತಿದ್ದು,” ಎಂದ ಗಿರಿಮಲ್ಲಪ್ಪ. “ಇದು ವಿಜ್ಞಾನ.”

“ಉಡಿ ತುಂಬಿದ್ದಕ್ಕ ಆಕಿ ತಿರುಗಿ ಹೋಗ್ಯಾಳ,” ಎಂದಳು ಬಾಳವ್ವ, ದೇವರತ್ತ ಕೈಮುಗಿದು. “ಅಷ್ಟು ದೊಡ್ಡ ಉಡಿ ಆಕಿಗೆ ಇಲ್ಲೀತನಕ ಯಾರು ತುಂಬ್ಯಾರ ಹೇಳ್ರಿ. ಕೌದಿ, ಹೊರಸು ಸಮೇತ.”

ಹುಸೇನಬಿ ರೊಟ್ಟಿ ಮುರಿದು ನಿಧಾನವಾಗಿ ಅಗಿದಳು.

“ಯಾರದು ಖರೇನೋ ನನಗ ತಿಳಿಯೂದಿಲ್ಲ. ಆದ್ರ ಆಕಿಗೆ ರುಚಿ ಹತ್ತಿ, ಹೊರಸು ಕೊಡದ ಹೋಗೂದಿಲ್ಲ ಅಂತ ಮುಂದಿನ ವರ್ಷ ಅಗಸಿ ಮುಂದ ಕುಂತ್ರ ಏನ್ ಮಾಡ್ತೀರಿ?”