ನನ್ನ ತಲೆಗೆ ಮದ್ದು, ಹೆಂಡತಿಗೆ ಮೀಸೆ

ಈ ಸಂಗತಿಯನ್ನು ಬರೆಯಲು ಕೂತು, ಪೆನ್ನು ಸರಿಯಿಲ್ಲ, ಕನ್ನಡಕ ಸರಿಯಿಲ್ಲ ಎಂದು ಎದ್ದು ಹೋಗುತ್ತ ಮೂರು ವರ್ಷ ಕಳೆದಿದ್ದೇನೆ. ಸರಿಯಿಲ್ಲದವನು ನಾನೇ ಎಂಬುದು ಈಗ ಖಚಿತವಾಗಿದೆ.

ಕಲ್ಯಾಣದ ಒಂದು ಮದುವೆಯೂಟದಲ್ಲಿ ಬಡಿಸುವವನು ನನ್ನ ಹೆಂಡತಿ ಸುಮತಿಯನ್ನು, "ಅಕ್ಕ, ನಿಮ್ಮ ಅಪ್ಪನಿಗೆ ಪಾಯಸ ಹಾಕ್ಬಹುದಾ, ಶುಗರ್ ಉಂಟಾ?" ಎಂದು ಕೇಳಿದ. ಅವಳು ನನಗಿಂತ ಎರಡೇ ವರ್ಷ ಚಿಕ್ಕವಳು. ಡೊಂಬಿವಲಿಯ ಮನೆ ಮುಟ್ಟುವವರೆಗೂ ನಕ್ಕಳು.

ಮರುವಾರವೇ ಗುಟ್ಟಾಗಿ ಠಾಣೆ ಊರಿನ ಒಬ್ಬ ಕೂದಲಿನ ವೈದ್ಯರ ಬಳಿ ಹೋದೆ. ಅವರು ನೀರಿನಂಥ ಒಂದು ಮದ್ದು ಕೊಟ್ಟು, ದಿನಕ್ಕೆ ಎರಡು ಸಲ ತಲೆಗೆ ಹಚ್ಚಿರಿ, ಬೇರೆಯವರ ಚರ್ಮಕ್ಕೆ ತಾಗದಂತೆ ಜಾಗ್ರತೆ, ಮೊದಮೊದಲು ಇದ್ದ ಕೂದಲೂ ಸ್ವಲ್ಪ ಉದುರಬಹುದು ಎಂದರು. ಈ ಕೊನೆಯ ವಿಷಯದಲ್ಲಿ ಮದ್ದು ಮಾತು ಉಳಿಸಿಕೊಂಡಿತು. ಜೊತೆಗೆ ತುರಿಕೆ, ತೆಂಗಿನತುರಿಯಂಥ ಹೊಟ್ಟು!

ಮದ್ದನ್ನು ಹೆಂಡತಿಯಿಂದ ಅಡಗಿಸಬೇಕಿತ್ತು. ಆಯುಷ್ಯವೆಲ್ಲ ಹೋಟೆಲಿನ ಗಲ್ಲಾದಲ್ಲಿ ಕೂತವನು ನಾನು. ಡಬ್ಬದಿಂದ ಬಾಟಲಿಗೆ, ಬಾಟಲಿಯಿಂದ ಡಬ್ಬಕ್ಕೆ ತುಂಬಿಸುವುದು ನಮ್ಮ ಕುಲವಿದ್ಯೆ. ಖಾಲಿಯಾದ ಗುಲಾಬಿನೀರಿನ ಬಾಟಲಿಗೆ ಮದ್ದು ಸುರಿದು ಬಚ್ಚಲಿನಲ್ಲಿಟ್ಟೆ. ತಿಂಗಳು ತಿಂಗಳು ತುಂಬಿಸುತ್ತ ಬಂದೆ.

ನಮ್ಮ ಮೇಲಿನ ಮಾಳಿಗೆಯಲ್ಲಿ ಗಿರಿಜಕ್ಕ ಎಂಬ ವಿಧವೆ ಇದ್ದರು. ಕಡಲೆಹಿಟ್ಟು, ಕಸ್ತೂರಿ ಅರಿಶಿನ ಸೇರಿಸಿ ಮುಖಕ್ಕೆ ಹಚ್ಚುವ ಪುಡಿ ಮಾಡಿ ಶುಕ್ರವಾರದ ಭಜನೆಯಲ್ಲಿ ಮಾರುತ್ತಿದ್ದರು. ಅವರ ಸಂಸಾರ ನಡೆಯುತ್ತಿದ್ದದ್ದೇ ಅದರಿಂದ. ಸುಮತಿ ದಿನವೂ ಆ ಪುಡಿ ಹಚ್ಚುತ್ತಿದ್ದಳು.

ಎರಡು ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕನ್ನಡಿಯ ಮುಂದಿನಿಂದ ಕರೆದಳು.

"ಇಲ್ಲಿ ನೋಡಿ ಮಾರಾಯ್ರೆ, ನನಗೆ ಮೀಸೆ ಬರ್ತಾ ಉಂಟು."

ಬಂದಿತ್ತು. ಕೆನ್ನೆಯ ಮೇಲೂ ಬಂದಿತ್ತು. ನನ್ನ ಗದ್ದೆಯಲ್ಲಿ ಮೊಳೆಯದ ಬೀಜ ಪಕ್ಕದ ಗದ್ದೆಯಲ್ಲಿ ಸಮೃದ್ಧವಾಗಿ ಫಲಿಸಿತ್ತು! ಪುಡಿಯನ್ನು ಯಾವುದರಲ್ಲಿ ಕಲಸುತ್ತೀ ಎಂದು ಕೇಳಿದೆ.

"ಗುಲಾಬಿನೀರಿನಲ್ಲಿ. ಒಳ್ಳೇ ಕಂಪೆನಿಯದ್ದು, ಎಷ್ಟು ಹಾಕಿದ್ರೂ ಮುಗಿಯುವುದೇ ಇಲ್ಲ."

ನನಗೆ ಎಲ್ಲ ಅರ್ಥವಾಯಿತು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ನಾನು ಗಂಟಲು ಸರಿಮಾಡಿಕೊಂಡು, ನ್ಯಾಯಾಧೀಶನಂತೆ ತೀರ್ಪು ಕೊಟ್ಟೆ.

"ಮನೆಯಲ್ಲಿ ಮಾಡಿದ ಪುಡಿ. ಎಂತೆಂತ ಹಾಕ್ತಾರೋ ಯಾರಿಗೆ ಗೊತ್ತು."

ಈ ಮಾತು ಆ ಶುಕ್ರವಾರ ಮಂಗಳಾರತಿಗೆ ಮೊದಲೇ ಭಜನೆ ಮುಟ್ಟಿತು. ಪುಡಿಯ ಪೊಟ್ಟಣಗಳು ವಾಪಸಾದವು. ಹುಟ್ಟಿದಂದಿನಿಂದ ಮೀಸೆಯಿದ್ದ ಮೂವರು ಹೆಂಗಸರಿಗೂ ತಮ್ಮ ಮೀಸೆಗೆ ಕಾರಣ ಅಂದೇ ತಿಳಿಯಿತು!

ನಾನು ಬಾಟಲಿಯನ್ನು ಮೋರಿಗೆ ಸುರಿದೆ. ಕೆಲವು ತಿಂಗಳಲ್ಲಿ ಸುಮತಿಯ ಮುಖ ಮೊದಲಿನಂತಾಯಿತು. "ನೋಡಿ, ಪುಡಿ ಬಿಟ್ಟದ್ದೇ ಸರಿ ಆಯ್ತು" ಎಂದಳು. ಸಾಕ್ಷ್ಯ ಪಕ್ಕಾ ಆಯಿತು. ನನ್ನ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲೂ ಅದೇ ಹೊತ್ತಿಗೆ ಉದುರಿದವು. ಅದನ್ನು ಯಾರೂ ವಿಚಾರಿಸಲಿಲ್ಲ.

ಮೇಲಿನ ಮಾಳಿಗೆಯವರು ಪುಡಿ ಮಾಡುವುದನ್ನು ಬಿಟ್ಟು, ಉಲ್ಹಾಸನಗರದ ಒಂದು ಅಂಗಡಿಯಲ್ಲಿ ಸೀರೆಗೆ ಫಾಲ್ ಹೊಲಿಯುವ ಕೆಲಸಕ್ಕೆ ಸೇರಿದರು. ಒಂದು ಸಂಜೆ ಮೆಟ್ಟಿಲಲ್ಲಿ ಎದುರಾದರು.

"ಅಣ್ಣಾ, ಸುಮತಿಯಕ್ಕನ ಮುಖ ಈಗ ಸರಿ ಉಂಟಲ್ಲ? ನನ್ನ ಕೈಯಲ್ಲಿ ಎಂತ ತಪ್ಪಾಯ್ತೋ ಗೊತ್ತಿಲ್ಲ. ಕ್ಷಮಿಸ್ಬೇಕು."

ನಾನು ಬೋಳುತಲೆಯನ್ನು ಗಂಭೀರವಾಗಿ ಆಡಿಸಿ, "ಆಗಲಿ, ಆಗಲಿ" ಎಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿಯೇಬಿಟ್ಟೆ! ಕ್ಷಮೆ ಕೇಳಬೇಕಾದವನು ಮಾತ್ರ ಇನ್ನೂ ಕೇಳಿಲ್ಲ, ಗಿರಿಜಕ್ಕನಲ್ಲಿ.