ಹಿಡಿಕೆಗೆ ಬಂದ ಜ್ವರ

ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಅಜ್ಜಿ ತಾತನ ವಿಷಯ ನಾಲ್ಕು ಜನಕ್ಕೆ ಗೊತ್ತಾಗಲೇಬೇಕು. ಯಾಕೆಂದರೆ, ಎಪ್ಪತ್ತು ದಾಟಿದ ಮೇಲೆ ಯಾರಾದರೂ ಕೂರುವುದಕ್ಕೆ ಒಳ್ಳೆಯ ಕುರ್ಚಿ ಹುಡುಕುತ್ತಾರೆ. ಇವರು ವರ್ಷದಲ್ಲಿ ಆರು ತಿಂಗಳು ಹಿಮ ಬೀಳುವ ದೇಶದಿಂದ ವಿಮಾನ ಹತ್ತಿ, ಬೆವರು ಬಿಟ್ಟರೆ ಬೇರೇನೂ ಬೀಳದ ನಮ್ಮ ಬೀದಿಗೆ ಬಂದರು. ‘ಸಾಕು, ವಾಪಸ್ ಬನ್ನಿ’ ಅಂದವರಿಗೆ ‘ಆಗಲ್ಲ’ ಅಂದರು. ಅಂಥವರ ವಿಷಯ ಹೇಳದೆ ಇನ್ಯಾರ ವಿಷಯ ಹೇಳಲಿ? ಇನ್ನೊಂದು ಕಾರಣವೂ ಉಂಟು. ಅವರಿಗೆ ವಾಪಸ್ ಕರೆ ಬರುವ ಹಾಗೆ ಮಾಡಿದವನು ನಾನೇ.

ನಾನು ನಲ್ಲಿ ರಿಪೇರಿಯವನು. ಓದಿದ್ದು ಆರನೇ ಕ್ಲಾಸು. ಮಾತು ಕಮ್ಮಿ. (ಮನೆಯಲ್ಲಿರುವ ಮಾತನ್ನೆಲ್ಲ ನನ್ನ ಹೆಂಡತಿಯೇ ಖರ್ಚು ಮಾಡಿಬಿಡುತ್ತಾಳೆ. ನನಗೆ ಉಳಿಯುವುದು ‘ಹೂಂ’ ಒಂದೇ.) ಮೂವತ್ತು ವರ್ಷದಿಂದ ಊರಿನ ಸೋರುವ ನಲ್ಲಿಗಳನ್ನೆಲ್ಲ ನಿಲ್ಲಿಸಿದ್ದೇನೆ. ನಮ್ಮ ಮಹಡಿಯ ಬಚ್ಚಲಿನ ನಲ್ಲಿಯೊಂದು ಮಾತ್ರ ತೊಟ್ಟಿಕ್ಕುತ್ತಿತ್ತು. ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು, ‘ನಾಳೆ’.

ಅಜ್ಜಿ ಅವರ ದೇಶದಲ್ಲಿ ನಲವತ್ತು ವರ್ಷ ನರ್ಸಾಗಿದ್ದವರು. ಮಿಷನ್ ಆಸ್ಪತ್ರೆಯಲ್ಲಿ ಹುಡುಗಿಯರಿಗೆ ಕೆಲಸ ಕಲಿಸಲು ಅವರ ಚರ್ಚು ಇಲ್ಲಿಗೆ ಕಳಿಸಿತ್ತು. ತಾತ ಆಸ್ಪತ್ರೆಯ ಮುರಿದ ಮಂಚ ಕುರ್ಚಿ ಸರಿಮಾಡುತ್ತಾರೆ. ತಾತನಿಗೆ ನಮ್ಮ ಭಾಷೆ ಬರುವುದಿಲ್ಲ, ನನಗೆ ಅವರದು ಬರುವುದಿಲ್ಲ. ದಿನಾ ಸಂಜೆ ಮೆಟ್ಟಿಲ ಮೇಲೆ ಒಟ್ಟಿಗೆ ಕೂರುತ್ತೇವೆ. ಒಂದು ದಿನವೂ ಜಗಳವಾಗಿಲ್ಲ.

ಬಂದ ದಿನ ಅವರ ಪೆಟ್ಟಿಗೆಯಲ್ಲಿ ಎರಡು ಉಣ್ಣೆ ಕೋಟು, ಹದಿನಾಲ್ಕು ಜೊತೆ ದಪ್ಪ ಕಾಲುಚೀಲ ಇದ್ದವು. ನನ್ನ ಹೆಂಡತಿ ಅದನ್ನು ನೋಡಿ, “ಪಾಪ, ಇವರಿಗೆ ಯಾರೂ ವಿಷಯ ಹೇಳಿಲ್ಲ” ಅಂದಳು. ಮೊದಲ ಬೆಳಿಗ್ಗೆ ಅಜ್ಜಿ ಬಚ್ಚಲಿಗೆ ಹೋಗಿ, ಮೇಲಿನಿಂದ ನೀರು ಬರುತ್ತದೆಂದು ಛಾವಣಿ ನೋಡುತ್ತ ಕಾಲು ಗಂಟೆ ನಿಂತಿದ್ದರಂತೆ. ನನ್ನ ಹೆಂಡತಿ ಹೋಗಿ, ಉಟ್ಟ ಬಟ್ಟೆಯಲ್ಲೇ, ಬಕೆಟ್ಟಿನಿಂದ ತಲೆಗೆ ಎರಡು ಮಗ್ಗು ಸುರಿದುಕೊಂಡು ತೋರಿಸಿದಳು. “ಹೀಗೆ ಅಜ್ಜೀ. ಮೊದಲು ತಲೆ, ಆಮೇಲೆ ಉಳಿದದ್ದು.” ಅವತ್ತಿನಿಂದ ಇಬ್ಬರೂ ಒಂದೇ ಪಕ್ಷ.

ನಮ್ಮಲ್ಲಿ ಬಚ್ಚಲಿಗೆ ತಾರಸಿ ಟ್ಯಾಂಕಿನ ನೀರು. ಅಂಗಳದ ನಲ್ಲಿಗೆ ಕುಡಿಯುವ ನೀರು ಬರುವುದು ದಿನ ಬಿಟ್ಟು ದಿನ, ಬೆಳಿಗ್ಗೆ ಆರರಿಂದ ಏಳು. ಮೊದಲ ವಾರ ಅಜ್ಜಿ ಆ ನಲ್ಲಿ ತಿರುಗಿಸಿ, ಬರುತ್ತದೆಂದು ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಮೂರನೇ ವಾರ ಐದೂವರೆಗೇ ಎದ್ದು ಬೀದಿಯ ಹೆಂಗಸರಿಗಿಂತ ಮುಂಚೆ ಡ್ರಮ್ಮು ತೊಳೆಯುತ್ತಿದ್ದರು. ಸಕ್ಕರೆಗೆ ಇರುವೆ ಬಂದವು. ಮೇಜಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ಇಟ್ಟರು. ಗೋಡೆ ಮೇಲೆ ಹಲ್ಲಿ ಬಂತು. ಮೊದಲ ದಿನ ಕಿರುಚಿದರು, ಎರಡನೇ ದಿನ ಬೈದರು, ಮೂರನೇ ದಿನ ಅದಕ್ಕೆ ಗುಡ್ ಮಾರ್ನಿಂಗ್ ಹೇಳಿದರು. ಮಳೆಗಾಲದಲ್ಲಿ ತಾತನ ಬೂಟಿನ ಮೇಲೆ ಹಸಿರು ಬೆಳೆಯಿತು. ತಾತ ಅದನ್ನು ಕಿಟಕಿಯಲ್ಲಿಟ್ಟು ಬರಿಗಾಲಲ್ಲಿ ಓಡಾಡತೊಡಗಿದರು.

ಅಜ್ಜಿ ನಮ್ಮ ಭಾಷೆಯನ್ನು ಯಾವುದೋ ಪುಸ್ತಕದಿಂದ ಕಲಿತು ಬಂದಿದ್ದರು. ಮೊದಲ ತಿಂಗಳು ಕೆಳಗಿಳಿದು ಬಂದು, “ಸಹೋದರರೇ, ತಮ್ಮ ಸ್ನಾನಗೃಹದ ನಲ್ಲಿಯು ಅವಿರತವಾಗಿ ಸೋರುತ್ತಲಿದೆ” ಅಂದರು. ನನಗೆ ಎದ್ದು ನಿಂತು ಕೈಮುಗಿಯಬೇಕು ಅನ್ನಿಸಿತು. “ನಾಳೆ ಮಾಡ್ತೀನಿ ಅಜ್ಜಿ” ಅಂದೆ. ಎರಡು ತಿಂಗಳು ನನ್ನ ಹೆಂಡತಿಯ ಜೊತೆ ಬಟ್ಟೆ ಒಗೆದ ಮೇಲೆ ಮಹಡಿಯಿಂದಲೇ ಕೂಗುತ್ತಿದ್ದರು, “ಏನ್ರೀ, ನಲ್ಲಿ ನೋಡ್ತೀರೋ ಇಲ್ವೋ?” ಚರ್ಚು ಕಳಿಸಿದವರು ದೇವರ ವಿಷಯ ಹೇಳುತ್ತಾರೆ ಅಂದುಕೊಂಡಿದ್ದೆ, ನನಗೆ ‘ನಾಳೆ’ ಎಂಬ ಪಾಪದ ವಿಷಯವನ್ನೇ ಹೇಳಿದರು.

ಆ ಪಾಪ ಮೂರನೇ ತಿಂಗಳು ಫಲ ಕೊಟ್ಟಿತು. ನಲ್ಲಿಯ ನೀರು ತೊಟ್ಟಿಕ್ಕಿ ನೆಲ ಪಾಚಿ ಕಟ್ಟಿತ್ತು. ಅಜ್ಜಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಮಂಡಿ ಊದಿತು ಅಷ್ಟೇ. ಅವರು ನಗುತ್ತಲೇ ಅದನ್ನು ಮಗಳಿಗೆ ಕಾಗದದಲ್ಲಿ ಬರೆದರು. ಮಗಳು ನಗಲಿಲ್ಲ. ಅವಳು ಚರ್ಚಿಗೆ ಫೋನು ಮಾಡಿದಳು, ಚರ್ಚು ಮಿಷನ್ ಆಫೀಸಿಗೆ ಬರೆಯಿತು, ಆಫೀಸು ಅಜ್ಜಿಗೆ ಬರೆಯಿತು: ಗುರುವಾರ ಹತ್ತು ಗಂಟೆಗೆ ಮೇಲ್ವಿಚಾರಕರು ಬಂದು ನೋಡುತ್ತಾರೆ. ಈ ವಯಸ್ಸಿನವರು ಇರಲು ಮನೆ ಸರಿಯಿಲ್ಲ ಅನ್ನಿಸಿದರೆ ಮುಂದಿನ ವಿಮಾನ.

ಅಜ್ಜಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಲ್ಲಾಡುತ್ತಿದ್ದ ಬರೆಯುವ ಮೇಜಿನ ಕಾಲಿಗೆ ಒತ್ತು ಕೊಟ್ಟರು.

“ಹೋಗಲ್ಲ,” ಅಂದರು. “ಹನ್ನೊಂದು ಹುಡುಗೀರು ಇನ್ನೂ ಸೂಜಿ ಹಾಕೋದು ಕಲೀತಾ ಇದಾರೆ. ಅರ್ಧಕ್ಕೆ ಬಿಟ್ಟು ಹೋಗೋದಾ? ನನ್ನ ಮಗಳು ನನಗೇ ಅಮ್ಮ ಆಗೋಕೆ ನೋಡ್ತಿದಾಳೆ.”

ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮುಂಚೆಯೇ ನಾನು ಪಾನಾ ಎತ್ತಿಕೊಂಡೆ.

ನನಗೂ ಹಟ ಬಂತು. ಯಾರೋ ಫೈಲು ಹಿಡಿದುಕೊಂಡು ಬಂದು, ನನ್ನ ಮನೆಯಲ್ಲಿ ಅಜ್ಜಿ ಇರಬಾರದು ಅನ್ನುವುದೇ? ಬಚ್ಚಲಿನಿಂದ ಅಡುಗೆಮನೆಯ ತನಕ ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಕಬ್ಬಿಣದ ಪೈಪಿನ ಹಿಡಿಕೆ ಹಾಕುವುದೆಂದು ತೀರ್ಮಾನ ಮಾಡಿದೆ. ಅಜ್ಜಿ ಹಿಡಿದುಕೊಂಡು ಓಡಾಡಲಿ. ಪೈಪು ಕೂಡಿಸುತ್ತ ಇರುವಾಗ ನನ್ನ ತಲೆಗೆ ಒಂದು ಮಹಾ ಯೋಚನೆ ಹೊಳೆಯಿತು. ಮಹಡಿಯ ಅಡುಗೆಮನೆಗೆ ನಲ್ಲಿ ಇಲ್ಲ. ಅಜ್ಜಿ ಬಚ್ಚಲಿನಿಂದ ಬಿಂದಿಗೆ ಹೊರುತ್ತಾರೆ. ಈ ಹಿಡಿಕೆ ಒಳಗೆ ಟೊಳ್ಳು. ಇಷ್ಟುದ್ದ ಪೈಪನ್ನು ಸುಮ್ಮನೆ ಖಾಲಿ ಬಿಡುವುದೇ? ಅದರೊಳಗೇ ತಾರಸಿ ಟ್ಯಾಂಕಿನ ನೀರು ಬಿಟ್ಟರೆ, ಹಿಡಿಯುವುದಕ್ಕೂ ಆಯಿತು, ಅಡುಗೆಮನೆಗೆ ನೀರೂ ಆಯಿತು!

“ರೀ,” ಅಂದಳು ಹೆಂಡತಿ, “ಹಿಡ್ಕೊಳ್ಳೋದು ಬೇರೆ, ಹರಿಯೋದು ಬೇರೆ. ಎರಡನ್ನೂ ಒಂದೇ ಪೈಪಿಗೆ ಯಾಕ್ರೀ ಕಟ್ತೀರಿ?”

“ನಿನಗೆ ಈ ಕಸುಬು ಗೊತ್ತಾಗಲ್ಲ.”

“ಬಚ್ಚಲಿನ ನಲ್ಲಿ ಮೊದಲು ಮಾಡ್ರೀ ಅಂದ್ರೆ...”

“ಅದು ನಾಳೆ.”

(ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅವಳ ಮಾತು ಕೇಳದ ದಿನಗಳು ಮೂರೋ ನಾಲ್ಕೋ. ಒಂದೊಂದರ ಗುರುತೂ ನನ್ನ ಮೈಮೇಲಿದೆ.)

ಬುಧವಾರ ಬೆಳಿಗ್ಗೆ ಹಿಡಿಕೆ ಸಿದ್ಧವಾಯಿತು. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬಂತು. ತಾತ ನನ್ನ ಬೆನ್ನು ತಟ್ಟಿದರು. ನಾನು ಎದೆಯುಬ್ಬಿಸಿಕೊಂಡು ಕೆಳಗಿಳಿದೆ. ಮಧ್ಯಾಹ್ನ ಒಂದು ಗಂಟೆಗೆ ಮಹಡಿಯಿಂದ ಕೂಗು ಬಂತು.

“ಸಹೋದರರೇ! ಹಿಡಿಕೆಗೆ ಜ್ವರ ಬಂದಿದೆ!”

ಹೋಗಿ ಮುಟ್ಟಿದೆ. ಕೈ ತಾನೇ ಹಿಂದೆ ಬಂತು. ತಾರಸಿ ಟ್ಯಾಂಕು ಬಿಸಿಲಲ್ಲಿ ಕಾಯುತ್ತದೆ, ಮಧ್ಯಾಹ್ನದ ನೀರು ಸುಡುತ್ತದೆ, ಅದು ಹಿಡಿಕೆಯೊಳಗೆ ಬಂದು ಕೂತಿದೆ. ಇಷ್ಟು ವರ್ಷ ಅದೇ ನೀರಲ್ಲಿ ಕೈ ತೊಳೆದವನಿಗೆ ಇದು ಹೊಳೆದಿರಲಿಲ್ಲ.

ಅಜ್ಜಿ ಪೆಟ್ಟಿಗೆ ತೆರೆದರು. ಆ ಹದಿನಾಲ್ಕು ಜೊತೆ ಕಾಲುಚೀಲದ ಬೆರಳಿನ ಕಡೆ ಕತ್ತರಿಸಿ, ಸೀಳಿ, ಹಿಡಿಕೆಗೆ ಉದ್ದಕ್ಕೂ ತೊಡಿಸಿ ಹೊಲಿದುಬಿಟ್ಟರು. ಕೆಂಪು, ನೀಲಿ, ಪಟ್ಟೆಪಟ್ಟೆ. “ಈಗ ಹಿಡೀಬಹುದು,” ಅಂದರು. ನಿಜಕ್ಕೂ ಚೆನ್ನಾಗಿತ್ತು. ಒಂದೇ ಒಂದು ವಿಷಯ ನಾನು ಹೇಳಲಿಲ್ಲ. ನಡುಮನೆಯ ತಿರುವಿನಲ್ಲಿ ಎರಡು ಪೈಪು ಕೂಡಿಸುವ ಒಂದು ಎಲ್ಬೋ ಇತ್ತು. ಅಲ್ಲಿಗೆ ಬರುವಷ್ಟರಲ್ಲಿ ಸೋರದಂತೆ ಸುತ್ತುವ ಬಿಳಿ ಟೇಪು ಮುಗಿದಿತ್ತು. ಕೈಯಲ್ಲೇ ತಿರುಗಿಸಿ, ಬಿಗಿ ಮಾಡುವುದನ್ನು ನಾಳೆಗೆ ಇಟ್ಟಿದ್ದೆ. ಈಗ ಅದರ ಮೇಲೆ ಒಂದು ನೀಲಿ ಕಾಲುಚೀಲ ಕೂತಿತ್ತು. ಹೊಲಿದದ್ದನ್ನು ಬಿಚ್ಚಿ ಅನ್ನಲು ಬಾಯಿ ಬರಲಿಲ್ಲ.

ಗುರುವಾರ ಹತ್ತಕ್ಕೆ ಮೇಲ್ವಿಚಾರಕರು ಬಂದರು. ತುಂಬಿದ ನೀರಿನ ಡ್ರಮ್ಮಿನಂಥ ಆಸಾಮಿ. ಮೆಟ್ಟಿಲು ಹತ್ತುವುದರೊಳಗೆ ನಾಲ್ಕು ಸಲ ನಿಂತರು. ಫೈಲಿನಿಂದ ಗಾಳಿ ಹಾಕಿಕೊಂಡರು. ಅಜ್ಜಿ ಅವರಿಗೆ ಕುರ್ಚಿ, ಕುಡಿಯಲು ನೀರು ಕೊಟ್ಟರು.

“ಅಮ್ಮಾ, ಒಂದು ಸಲ ನಡೆದು ತೋರಿಸ್ತೀರಾ?”

ಅಜ್ಜಿ ಬಚ್ಚಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ, ಸೈನ್ಯದವರ ಹಾಗೆ ನಡೆದರು. ಹಿಡಿಕೆಯ ಕಡೆ ಕಣ್ಣೂ ಹಾಯಿಸಲಿಲ್ಲ. ನನಗೆ ಸ್ವಲ್ಪ ಬೇಜಾರಾಯಿತು. ಅಷ್ಟು ಕಷ್ಟಪಟ್ಟು ಹಾಕಿದವನು ನಾನು.

“ಇದೇನು, ಗೋಡೆಗೆಲ್ಲ ಕಾಲುಚೀಲ?”

“ಹಿಡಿಕೆ ಸಾರ್,” ಅಂದೆ. “ಅಜ್ಜಿಯವರ ಕ್ಷೇಮಕ್ಕೆ.”

“ಗಟ್ಟಿ ಇದೆಯೇನ್ರೀ?”

ಮಾತು ಕಮ್ಮಿ ಆಡುವವನು ಅಲ್ಲೂ ಸುಮ್ಮನಿರಬೇಕಿತ್ತು. “ಆನೆ ಜೋತುಬಿದ್ರೂ ಅಲ್ಲಾಡಲ್ಲ ಸಾರ್!”

ಮೇಲ್ವಿಚಾರಕರು ಎದ್ದರು. ಇಪ್ಪತ್ತು ಅಡಿ ಹಿಡಿಕೆಯಲ್ಲಿ ಎಲ್ಲ ಬಿಟ್ಟು ಆ ನೀಲಿ ಕಾಲುಚೀಲವನ್ನೇ ಹಿಡಿದರು. ಜೋತುಬಿದ್ದರು.

ಮೊದಲು ಕಾಲುಚೀಲ ಊದಿಕೊಂಡಿತು. ಆಮೇಲೆ ‘ಢಬ್’ ಅಂತ ಎಲ್ಬೋ ಕಿತ್ತುಕೊಂಡು ಎದುರು ಗೋಡೆಗೆ ಹಾರಿತು. ನೀರು ಮೇಲ್ವಿಚಾರಕರ ಎದೆಗೇ ಬಡಿಯಿತು. ಅವರು ಕೂತ ಕಡೆ ಕುರ್ಚಿ ಇರಲಿಲ್ಲ. ಫೈಲಿನ ಕಾಗದಗಳು ನಡುಮನೆಯಲ್ಲಿ ತೇಲಿದವು. ಹಲ್ಲಿ ಓಡಿಹೋಯಿತು.

“ವಾಲ್ವು! ವಾಲ್ವು!” ಅಂತ ನಾನು ಓಡಿದೆ. ಓಡಿದೆ ಅನ್ನುವುದು ತಪ್ಪು. ಎರಡು ಹೆಜ್ಜೆ ಓಡಿದೆ, ಉಳಿದ ದೂರ ಹಾರಿದೆ. ಬಚ್ಚಲ ಬಾಗಿಲಲ್ಲಿ ಇಳಿದಾಗ ನನ್ನ ಎಡಗಾಲು ನನ್ನ ಕೆಳಗೇ ಎಲ್ಲೋ ಇತ್ತು.

“ಯಾರೂ ಅಲ್ಲಾಡ್ಬೇಡಿ!”

ನನ್ನ ಹೆಂಡತಿ ಕೆಳಗಿನಿಂದ ಬಂದಳು ಅಂದುಕೊಂಡೆ. ಅದೇ ದನಿ, ಅದೇ ಗತ್ತು. ನೋಡಿದರೆ ಅಜ್ಜಿ. ಬರಿಗಾಲು, ಪಾದ ಪೂರ್ತಿ ಊರಿ ಚಿಕ್ಕ ಚಿಕ್ಕ ಹೆಜ್ಜೆ. ಒದ್ದೆ ನೆಲದ ಮೇಲೆ ಹಾಗೆ ನಡೆಯುವುದನ್ನು ನನ್ನ ಹೆಂಡತಿಯೇ ಕಲಿಸಿದ್ದು. ತಾತನಿಗೆ ಬೆರಳಲ್ಲೇ ಬಚ್ಚಲ ಬಾಗಿಲ ಮೇಲಿನ ವಾಲ್ವ್ ತೋರಿಸಿದರು. ನಾನು ಸ್ಟೂಲು ಹಾಕಿಕೊಂಡು ಹತ್ತುವ ಆ ವಾಲ್ವನ್ನು ತಾತ ನನ್ನನ್ನು ದಾಟಿ, ನಿಂತಲ್ಲೇ ಒಂದು ಕೈಯಲ್ಲಿ ತಿರುಗಿಸಿದರು. ಇನ್ನೊಂದು ಕೈಯಲ್ಲಿ ಟೀ ಲೋಟ. ಒಂದು ಹನಿ ಚೆಲ್ಲಲಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿಯೂ ಬಂದಳು. ನನ್ನನ್ನು ನೋಡಿದಳು, ಪೈಪು ನೋಡಿದಳು. “ಆನೆ ಜೋತುಬಿತ್ತಾ?” ಅಂದಳು. ಕೆಳಗೆ ಅವಳಿಗೆ ಎಲ್ಲ ಕೇಳಿಸಿತ್ತು.

ಅಜ್ಜಿ ಮೇಲ್ವಿಚಾರಕರನ್ನು ಎಬ್ಬಿಸಿ ಕೂರಿಸಿ, ಉಣ್ಣೆ ಕೋಟು ಹೊದಿಸಿದರು. (ಕೊನೆಗೂ ಅದಕ್ಕೊಂದು ಕೆಲಸ ಸಿಕ್ಕಿತು.) ಆಮೇಲೆ ನನ್ನ ಕಾಲು ಒತ್ತಿ ನೋಡಿ, ಎರಡು ಸೌಟು ಇಟ್ಟು ಬಿಗಿಯಾಗಿ ಕಟ್ಟಿದರು.

“ವಯಸ್ಸೆಷ್ಟು?”

“ಐವತ್ತೆಂಟು.”

“ಈ ವಯಸ್ಸಲ್ಲಿ ಓಡಬಾರದು,” ಅಂದರು ಎಪ್ಪತ್ಮೂರರ ಅಜ್ಜಿ.

ಮೇಲ್ವಿಚಾರಕರು ಗಡ್ಡದ ನೀರು ಒರೆಸಿಕೊಂಡು, “ಅಮ್ಮಾ, ನೀವೇ ನೋಡಿದ್ರಲ್ಲ. ಇಂಥಾ ಮನೇಲಿ ನಿಮ್ಮನ್ನ ನಾನು ಹೇಗೆ ಬಿಟ್ಟು ಹೋಗ್ಲಿ?” ಅಂದರು.

ಆಯಿತು, ಮುಂದಿನ ವಿಮಾನ ಅಂದುಕೊಂಡೆ.

ಅಜ್ಜಿ ನೆಲದಿಂದ ಪೆನ್ನು ಎತ್ತಿ, ಒರೆಸಿ, ಅವರ ಕೈಗೆ ಕೊಟ್ಟರು.

“ಬರ್ಕೊಳ್ಳಿ. ಇವತ್ತು ಈ ಮನೇಲಿ ಬಿದ್ದೋರು ಇಬ್ರು. ಒಬ್ರು ನೀವು, ಒಬ್ರು ಇವ್ರು. ನಿಂತಿದ್ದೋರು ಯಾರು? ಅದನ್ನೂ ಬರ್ಕೊಳ್ಳಿ. ಆಸ್ಪತ್ರೇಲಿ ಹನ್ನೊಂದು ಹುಡುಗೀರು ನನಗೆ ಕಾಯ್ತಿದಾರೆ. ಇಲ್ಲಿ ಈ ಮನುಷ್ಯ ಇದಾರೆ. ಇವ್ರನ್ನ ಹೀಗೆ ಬಿಟ್ಟು ನಾನು ಹೇಗೆ ಹೋಗ್ಲಿ?”

ನನ್ನ ಹೆಂಡತಿ “ಅದು ನಿಜ” ಅಂದಳು. ತಾತನಿಗೆ ಏನು ಅರ್ಥವಾಯಿತೋ, ಅವರೂ ತಲೆಯಾಡಿಸಿದರು.

ಎರಡು ವಾರಕ್ಕೆ ಆಫೀಸಿನ ಕಾಗದ ಬಂತು. ನನ್ನ ಹೆಂಡತಿ ಬೀದಿಗೆಲ್ಲ ಕೇಳುವ ಹಾಗೆ ಓದಿದಳು. ‘ಹಿರಿಯ ದಂಪತಿಗಳು ಸ್ಥಳೀಯ ಜೀವನಕ್ಕೆ ಸಂಪೂರ್ಣವಾಗಿ ಹೊಂದಿಕೊಂಡಿದ್ದು, ಅವಧಿ ಮುಗಿಯುವವರೆಗೆ ಇಲ್ಲಿಯೇ ಮುಂದುವರಿಯತಕ್ಕದ್ದು. ಮನೆಯ ಮಾಲೀಕರನ್ನು ಒಂಟಿಯಾಗಿ ಬಿಡುವುದು ಕ್ಷೇಮವಲ್ಲ.’ ಅಜ್ಜಿ ಅದನ್ನೂ ಮಡಿಸಿದರು, ಆದರೆ ಮೇಜಿನ ಕಾಲಿಗೆ ಕೊಡಲಿಲ್ಲ.

ನಾನು ಮಲಗಿದ್ದ ಆ ಎರಡು ವಾರದಲ್ಲಿ ಬಚ್ಚಲಿನ ನಲ್ಲಿ ಸೋರುವುದು ನಿಂತುಹೋಗಿತ್ತು. ಅಜ್ಜಿ ನನ್ನ ಪೆಟ್ಟಿಗೆಯಿಂದ ಪಾನಾ ತೆಗೆದುಕೊಂಡು, ಹಳೇ ಚಪ್ಪಲಿಯ ರಬ್ಬರಿನಲ್ಲಿ ವಾಷರ್ ಕತ್ತರಿಸಿ ತಾವೇ ಹಾಕಿದ್ದರು. ಎಲ್ಬೋ ಬಿಗಿ ಮಾಡಿದ್ದೂ ಅವರೇ. ಹಿಡಿಕೆಗೆ ನೀರಿನ ಸಂಬಂಧ ತಪ್ಪಿಸಿ, ಅಡುಗೆಮನೆಗೆ ಬೇರೆ ಪೈಪು ಎಳೆದವರು ತಾತ. ವಿಷಯ ಬೀದಿಗೆ ಹಬ್ಬಿತು. ಈಗ ಯಾರ ಮನೆಯ ನಲ್ಲಿ ಸೋರಿದರೂ ನಮ್ಮ ಬಾಗಿಲು ತಟ್ಟುತ್ತಾರೆ. ನಾನು ಕುಂಟಿಕೊಂಡು ಹೋಗಿ ತೆಗೆದರೆ ನನ್ನ ತಲೆಯ ಮೇಲಿಂದ ಇಣುಕಿ, “ಅಜ್ಜಿ ಇದಾರಾ?” ಅನ್ನುತ್ತಾರೆ.

ಇರುತ್ತಾರೆ. ನೀವೂ ಒಂದು ಸಲ ಹೋಗಿ ಅವರಿಬ್ಬರನ್ನು ನೋಡಿ ಬನ್ನಿ. ಮಧ್ಯಾಹ್ನದವರೆಗೆ ಆಸ್ಪತ್ರೆಯಲ್ಲಿ ಸಿಗುತ್ತಾರೆ, ಆಮೇಲೆ ನಮ್ಮ ಮಹಡಿಯಲ್ಲಿ. ವಯಸ್ಸಾಯಿತು, ಇನ್ನೇನು ಮಾಡಲಿ ಅನ್ನುವವರು ಯಾರಾದರೂ ಮನೆಯಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ನಾಳೆ ಅನ್ನಬೇಡಿ, ಅಜ್ಜಿಗೆ ಆಗುವುದಿಲ್ಲ. ಒಳಗೆ ಹೋದರೆ ಗೋಡೆಯುದ್ದಕ್ಕೂ ಬಣ್ಣ ಬಣ್ಣದ ಕಾಲುಚೀಲ ತೊಟ್ಟ ಹಿಡಿಕೆ ಕಾಣುತ್ತದೆ. ದಯವಿಟ್ಟು ಅದರ ದಾರಿ ಬಿಟ್ಟು ನಿಲ್ಲಿ. ಅಜ್ಜಿಯ ಅಪ್ಪಣೆಯಂತೆ ದಿನಾ ಸಂಜೆ ಹತ್ತು ಸುತ್ತು, ಅದನ್ನು ಹಿಡಿದುಕೊಂಡು ನಾನು ಬರುತ್ತಿರುತ್ತೇನೆ.