ಅತ್ತೆಯ ಪ್ರಶ್ನೆಗಳೂ ಮೇಷ್ಟ್ರ ಪಾಡೂ

ಕಾವ್ಯಾ, ಚೇತನಾ, ಶಾಲೆಯಲ್ಲಿ ಕಲಿತದ್ದು ಬದುಕಿನಲ್ಲಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಮೊನ್ನೆ ಕೇಳಿದಿರಿ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವವಳು ನಾನು. ಅದಕ್ಕೇ ಬರೆದು ಹೇಳುತ್ತೇನೆ. ಬರುತ್ತದೆ! ಇದಕ್ಕೆ ಸಾಕ್ಷಿ, ಶಾಲೆಯ ಹೊಸ್ತಿಲನ್ನೇ ತುಳಿಯದ ನನ್ನ ಅತ್ತೆ, ನಿಮ್ಮ ಮುತ್ತಜ್ಜಿ. ನಮ್ಮೂರ ಮೇಷ್ಟ್ರು ಇನ್‌ಸ್ಪೆಕ್ಟರಿಗೆ ಹೆದರುತ್ತಿದ್ದರೋ ಇಲ್ಲವೋ, ಅತ್ತೆಗಂತೂ ಹೆದರುತ್ತಿದ್ದರು!

ಎಪ್ಪತ್ತರ ದಶಕದ ಮಾತು. ಆಗ ನಿಮ್ಮ ಅಮ್ಮ ಐದನೇ ಕ್ಲಾಸು. "ಹೆಣ್ಣುಡ್ಗಿಗೆ ನಾಕಕ್ಷರ ಬಂದ್ರೆ ಸಾಕು, ಇನ್ನ ಕುರಿಮರಿ ನೋಡ್ಕಳ್ಳಿ" ಎಂದು ನಿಮ್ಮ ಅಜ್ಜ ಆಗಲೇ ಗೊಣಗಲು ಶುರುಮಾಡಿದ್ದರು. ಎದುರಾಡುವ ಧೈರ್ಯ ನನಗೆಲ್ಲಿತ್ತು? ಅತ್ತೆಯೋ, ಮಗನಿಗಿಂತ ಜೋರಾಗಿ ಶಾಲೆಯ ಮೇಲೆ ಯುದ್ಧ ಹೂಡಿದ್ದರು! ಸಂಜೆ ರಾಗಿ ಕೇರುತ್ತಾ ಮೊಮ್ಮಗಳಿಂದ ಪಾಠ ಒಪ್ಪಿಸಿಕೊಳ್ಳುವುದು, ತಪ್ಪು ಹುಡುಕುವುದು.

"ಹಸು ನಮಗೆ ಹಾಲು ಕೊಡುತ್ತದೆ."

"ಕೊಡ್ತೈತಂತೆ! ಅದು ಕೊಡಾದು ಕರುವಿಗೆ ಕಣೇ. ನಾವು ಕಾಲು ಕಟ್ಟಿ ಕಿತ್ಕಳ್ತೀವಿ. ನಾಳೆ ಹೋಗಿ ನಿಮ್ಮೇಷ್ಟ್ರನ್ನ ಕೇಳ್ಕಂಡು ಬಾ."

ಮೇಷ್ಟ್ರು ಏನೆಂದರು ಗೊತ್ತೇ? "ನಿಮ್ಮಜ್ಜಿ ಹೇಳಿದ್ದೇ ಸರಿ. ಪರೀಕ್ಷೇಲಿ ಮಾತ್ರ ಹಂಗೆ ಬರೀಬ್ಯಾಡ!"

ಭೂಮಿ ತಿರುಗುತ್ತದೆ ಎಂದು ಕೇಳಿದ ಮರುದಿನ ಅತ್ತೆ ಅಂಗಳದಲ್ಲಿ ತುಂಬಿದ ಬಕೀಟಿಟ್ಟು, ನೀರು ಚೆಲ್ಲುತ್ತದೋ ನೋಡಲು ಕಾವಲು ಕೂತರು. ನಮ್ಮ ಟಗರು ಬಂದು ಅಷ್ಟನ್ನೂ ಕುಡಿದು ಹೋಯಿತು. "ಇದಕ್ಯಾಕೆ ತಲೆ ಸುತ್ತಲಿಲ್ಲ? ನಾಳೆ ಕೇಳ್ಕಂಡು ಬಾ!"

ಆಮೇಲೆ ಬಂತು ಪಂಚಮೀ ವಿಭಕ್ತಿ. 'ಮರದ ದೆಸೆಯಿಂದ ಹಣ್ಣು ಬಿತ್ತು.' ಹೀಗೆ ಯಾರಾದರೂ ಮಾತಾಡುತ್ತಾರೆಯೇ? ಪರೀಕ್ಷಿಸಲು ಅತ್ತೆ ಹಿರಿಯೂರಿನ ಬಸ್ಸನ್ನೇ ಹತ್ತಿದರು. ಪಕ್ಕದಲ್ಲಿ ನಾನು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು!

"ಎಲ್ಲಿಂದ ಬಂದ್ರಿ ಅಜ್ಜೀ?" ಎಂದ ಕಂಡಕ್ಟರು.

"ಯಲ್ಲದಕೆರೆ ದೆಸೆಯಿಂದ!"

"ಯಾರ ದೆಸೆಯಿಂದಾದ್ರೂ ಬರ್ರಿ, ಮೊದ್ಲು ಟಿಕೀಟ್ ತಗಳ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಮೇಷ್ಟ್ರಿಗೆ ಇನ್ನೊಂದು ಪ್ರಶ್ನೆ ಹೋಯಿತು.

ನಿಮ್ಮ ಅಮ್ಮ ಏಳನೇ ಕ್ಲಾಸಿಗೆ ಬಂದಾಗ ಒಂದು ಬೆಳಿಗ್ಗೆ ಅಜ್ಜ ಅವಳ ಪುಸ್ತಕದ ಚೀಲವನ್ನು ಅಟ್ಟಕ್ಕೆ ಎಸೆದೇಬಿಟ್ಟರು. "ಸಾಕು. ಇವತ್ತಿಂದ ಕುರಿ ಹಿಂದೆ ಹೋಗ್ಲಿ." ಹುಡುಗಿ ಅಳಲೂ ಹೆದರಿ ಕಂಬ ಹಿಡಿದು ನಿಂತಳು.

ಅತ್ತೆ ಮೊರ ಕೆಳಗಿಟ್ಟರು. "ಅದೆಂಗಾಗ್ತೈತಲೇ? ಆ ಮೇಷ್ಟ್ರು ನನಗೆ ಉತ್ತರ ಹೇಳಾದು ಇನ್ನೂ ಬಾಕಿ ಐತೆ. ತರೋರ್ಯಾರು? ಚಡ್ಡಿ ಹಾಕ್ಕಂಡು ನೀನೋಗ್ತೀಯಾ?"

"ಆ ಉತ್ತರ ತಗಂಡು ನೀನೇನು ಮಾಡ್ತೀಯವ್ವ?"

"ಉಪ್ಪಿನಕಾಯಿ ಹಾಕ್ತೀನಿ. ಚೀಲ ಇಳಿಸ್ಲೇ!"

ಇಳಿಸಿದರು. ಅವ್ವನ ಹಟದ ಮುಂದೆ ಗೆದ್ದವರುಂಟೇ? ನಿಮ್ಮ ಅಮ್ಮ ಹೈಸ್ಕೂಲೂ ಮುಗಿಸಿ, ಟೀಚರ್ ಟ್ರೈನಿಂಗಿಗೆ ಚಿತ್ರದುರ್ಗಕ್ಕೆ ಹೊರಟಳು. ಅವಳನ್ನು ಬಸ್ಸು ಹತ್ತಿಸಿ ಬಂದಾಗ ಅತ್ತೆ ಜಗಲಿಯ ಮೇಲೆ ಖಾಲಿ ಮೊರ ಹಿಡಿದು ಕೂತಿದ್ದರು.

"ಇನ್ನು ಯಾರನ್ನ ಕೇಳ್ತೀರಿ ಅತ್ತೆ?" ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

"ಉತ್ತರ ಯಾರಿಗೆ ಬೇಕಾಗಿತ್ತಮ್ಮ? ಆ ಮಗೀಗೆ ನಾಳೆ ಅಂಬೋದೊಂದು ಇರ್ಲಿ ಅಂತ ಕೇಳ್ತಿದ್ದೆ."

ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಅತ್ತೆಯದೊಂದು ಫೋಟೋ ಕೂಡ ನಮ್ಮಲ್ಲಿಲ್ಲ.